‘ಮತ್ತಿನ ಡಾಕ್ಟ್ರು ಇಲ್ಲ’

ತಾಲ್ಲೂಕು ಆಸ್ಪತ್ರೆಯ ಬಾಗಿಲಲ್ಲಿ ನಡುರಾತ್ರಿ ಕೇಳಿಬರುವ ಒಂದು ಮಾತಿದೆ. ನಮ್ಮ ಅವ್ವಂದಿರಿಗೆ, ಅಕ್ಕಂದಿರಿಗೆ ಅದು ಬಾಯಿಪಾಠ. ‘ಮತ್ತಿನ ಡಾಕ್ಟ್ರು ಇಲ್ಲ. ಜಿಲ್ಲಾಸ್ಪತ್ರೆಗೆ ಕರ್ಕೊಂಡು ಹೋಗಿ.’

ಈ ಮಾತನ್ನು ನಾನು ಮೊದಲ ಸಲ ಕೇಳಿದ್ದು ಡಿಗ್ರಿ ಎರಡನೇ ವರ್ಷದಲ್ಲಿ. ನಮ್ಮ ಚಿಕ್ಕವ್ವನ ಮಗಳಿಗೆ ಚೊಚ್ಚಲ ಹೆರಿಗೆ. ಮಗು ಅಡ್ಡ ತಿರುಗಿತ್ತು. ಆಸ್ಪತ್ರೆಯಲ್ಲಿ ಟೇಬಲ್ ಇತ್ತು, ಲೈಟ್ ಇತ್ತು, ಕತ್ತರಿ ಇತ್ತು, ಹೆರಿಗೆ ಡಾಕ್ಟರಮ್ಮನೂ ಇದ್ದರು. ಅವರೇ ಹೊರಗೆ ಬಂದು, ‘ಕುಯ್ಯೋಕೆ ನಾನಿದ್ದೀನಪ್ಪ, ಮತ್ತು ಕೊಡೋರಿಲ್ಲ. ನಾನೇನು ಮಾಡ್ಲಿ?’ ಅಂದರು. ಆಂಬುಲೆನ್ಸ್ ಬಂತು. ಅರವತ್ತು ಕಿಲೋಮೀಟರ್ ಗುಂಡಿ ರಸ್ತೆ. ಅಕ್ಕ ಉಳಿದಳು. ಮಗು ಉಳಿಯಲಿಲ್ಲ. ಅದಕ್ಕೆ ಹೆಸರಿಡುವ ಹೊತ್ತೂ ಸಿಗಲಿಲ್ಲ.

ಆವತ್ತು ಹಾಸ್ಟೆಲಿಗೆ ಬಂದು ಒಂದು ಪದ್ಯ ಬರೆದೆ. ಪದ್ಯದ ತುಂಬ ದೇವರನ್ನು ಬೈದಿದ್ದೆ. ಈಗ ಆ ಪದ್ಯ ಹರಿದುಹಾಕಿದ್ದೇನೆ. ನನ್ನ ಅಕ್ಕನ ಮಗುವನ್ನು ತಿಂದದ್ದು ಖಾಲಿ ಬಿದ್ದ ಒಂದು ಹುದ್ದೆ. ಆ ಹುದ್ದೆಯ ಮೇಲೆ ಯಾರೂ ಪದ್ಯ ಬರೆಯುವುದಿಲ್ಲ. ಅದಕ್ಕೇ ಈ ಸಂಪಾದಕೀಯ.

ಆರ್ಟ್ಸ್ ಓದಿದ ನಿನಗೆ ಡಾಕ್ಟರ ತರಬೇತಿ ಯಾಕಯ್ಯ ಅಂತ ಕೇಳಬಹುದು. ಉಸಿರಾಡುವವರಿಗೆಲ್ಲ ಈ ವಿಷಯದಲ್ಲಿ ಮಾತಾಡುವ ಹಕ್ಕಿದೆ. ಮೇಲಾಗಿ ಇದನ್ನು ಓದುತ್ತಿರುವ ನಿಮ್ಮಲ್ಲಿ ಕೆಲವರು ಮೆಡಿಕಲ್ ಕಾಲೇಜಿನಲ್ಲಿದ್ದೀರಿ. ಕೆಲವರ ತಮ್ಮ ತಂಗಿಯರು ನೀಟ್ ಪರೀಕ್ಷೆಗೆ ಕೂತಿದ್ದಾರೆ. ಈ ಮಾತು ನಿಮಗೇ.

ನನ್ನ ಹಾಸ್ಟೆಲಿನ ರೂಮ್‌ಮೇಟ್ ಒಬ್ಬ ಈಗ ಹೌಸ್ ಸರ್ಜನ್. 2021ರ ನಿಯಮದಂತೆ ಎಂಬಿಬಿಎಸ್ ಮುಗಿಸಿದ ಪ್ರತಿಯೊಬ್ಬರೂ ತಮ್ಮ ಒಂದು ವರ್ಷದ ಇಂಟರ್ನ್‌ಶಿಪ್ಪಿನಲ್ಲಿ 2 ವಾರ ಅರಿವಳಿಕೆ ಮತ್ತು ತೀವ್ರ ನಿಗಾ ವಿಭಾಗದಲ್ಲಿ ಕೆಲಸ ಮಾಡಲೇಬೇಕು. ವರ್ಷದಲ್ಲಿ ಬರೇ ಎರಡು ವಾರ. ಆ ಎರಡು ವಾರ ಹೇಗೆ ಕಳೆಯುತ್ತೆ ಅಂತ ಅವನನ್ನು ಕೇಳಿದೆ. ನಕ್ಕ. ‘ಅದು ರೆಸ್ಟ್ ಪೋಸ್ಟಿಂಗ್ ಕಣೋ. ಸೈನ್ ಹಾಕು, ರೂಮಿಗೆ ಹೋಗಿ ಪಿಜಿ ಎಂಟ್ರೆನ್ಸಿಗೆ ಓದ್ಕೋ ಅಂತಾರೆ. ನಾವೂ ಅಷ್ಟಕ್ಕೇ ಕಾಯ್ತಿರ್ತೀವಿ.’

ಮೊದಲ ಎರಡು ದಿನ ಅವನೂ ಹಾಗೇ ಮಾಡಿದ. ಮೂರನೇ ದಿನ ಅವನೂರಿನ ಕಡೆಯ ಒಬ್ಬ ಕೂಲಿಯಾಳು ಐಸಿಯುಗೆ ಬಂದ. ಆಮೇಲೆ ನನ್ನ ಗೆಳೆಯ ಲೈಬ್ರರಿ ಕಡೆ ತಲೆಹಾಕಲಿಲ್ಲ.

ಆ ಕೂಲಿಯಾಳಿಗೆ ಕಡಿದದ್ದು ಕಟ್ಟುಹಾವು. ಈ ಹಾವು ಮೆತ್ತೆಯ ಮೇಲೆ ಮಲಗಿದವರನ್ನು ಹುಡುಕಿಕೊಂಡು ಹೋಗುವುದು ಕಮ್ಮಿ. ನೆಲದ ಮೇಲೆ, ಗುಡಿಸಲಲ್ಲಿ, ಕಣದಲ್ಲಿ ಮಲಗಿದವರೇ ಇದರ ಬಾಯಿಗೆ ಸಿಗುವುದು. ಕಡಿದರೆ ನೋವಿಲ್ಲ, ಊತವಿಲ್ಲ, ಎಷ್ಟೋ ಸಲ ಗುರುತೂ ಇಲ್ಲ. ಬೆಳಗಿನ ಜಾವ ಹೊಟ್ಟೆನೋವು ಅಂತಾರೆ. ಆಮೇಲೆ ಕಣ್ಣಿನ ರೆಪ್ಪೆ ಇಳಿಯುತ್ತೆ. ನಾಲಿಗೆ ತೊದಲುತ್ತೆ. ಎದೆಯ ಸ್ನಾಯು ಸೋಲುತ್ತೆ. ಉಸಿರು ನಿಲ್ಲುತ್ತೆ.

ಅಲ್ಲಿ ಅರಿವಳಿಕೆ ವಿಭಾಗದ ಮೇಡಂ ಒಂದು ಕೆಲಸ ಮಾಡುತ್ತಿದ್ದರಂತೆ. ಯಂತ್ರ ಬೇಡದ ಕೆಲಸ. ರೋಗಿಯ ಪಕ್ಕ ನಿಂತು, ‘ಉಸಿರು ಎಳ್ಕೊಳಪ್ಪ. ಈಗ ಅದೇ ಉಸಿರಲ್ಲಿ ಒಂದು, ಎರಡು, ಮೂರು ಅಂತ ಎಣಿಸು’ ಅನ್ನುವುದು. ಆ ಮನುಷ್ಯ ಮೊದಲು ಇಪ್ಪತ್ತೆಂಟರವರೆಗೆ ಎಣಿಸಿದ. ಒಂದು ಗಂಟೆ ಬಿಟ್ಟು ಹತ್ತೊಂಬತ್ತು. ಆಮೇಲೆ ಹನ್ನೆರಡು. ‘ಇನ್ನು ಕಾಯೋ ಹಾಗಿಲ್ಲ, ಟ್ಯೂಬ್ ಹಾಕಬೇಕು’ ಅಂದರು ಮೇಡಂ. ಆ ಲೆಕ್ಕವನ್ನು ಗಂಟೆಗಂಟೆಗೂ ಕೇಳಿ ಬರೆದುಕೊಂಡವನು ನನ್ನ ಗೆಳೆಯ. ‘ಇಸ್ಕೂಲಲ್ಲಿ ಮಗ್ಗಿ ಒಪ್ಪಿಸದೆ ಏಟು ತಿಂದೋನು ಕಣೋ ನಾನು. ಎಣಿಕೆ ಅಂದ್ರೆ ಪ್ರಾಣ ಅಂತ ಅವತ್ತು ಗೊತ್ತಾಯ್ತು’ ಅಂದ.

ಇನ್ನೊಂದು ಮಾತು ಹೇಳಿದ. ವಿಷ ಏರಿದ ಮನುಷ್ಯ ಹೆಣದ ಹಾಗೆ ಮಲಗಿರುತ್ತಾನೆ. ಕಣ್ಣು ತೆರೆಯಲಾರ, ಬೆರಳು ಆಡಿಸಲಾರ. ಆದರೆ ಎಷ್ಟೋ ಸಲ ಅವನಿಗೆ ಎಲ್ಲಾ ಕೇಳಿಸುತ್ತಿರುತ್ತೆ! ಸ್ಟೆತಾಸ್ಕೋಪ್ ಹಾಕಿಕೊಂಡವರು ಹಾಸಿಗೆ ಪಕ್ಕ ‘ಇವನ ಕತೆ ಮುಗೀತು’ ಅಂದರೆ ಅದನ್ನೂ ಕೇಳಿಸಿಕೊಳ್ಳುತ್ತಾನೆ. ಅದಕ್ಕೇ ಆ ಮೇಡಂ ಅವನ ಕಿವಿಯಲ್ಲಿ ದಿನಾ ಕನ್ನಡದಲ್ಲಿ ಹೇಳುತ್ತಿದ್ದರು: ‘ಹೆದರ್ಬೇಡಪ್ಪ. ಮಿಷನ್ನು ನಿನ್ನ ಬದಲು ಉಸಿರಾಡ್ತಿದೆ. ವಿಷ ಇಳಿಯುತ್ತೆ.’ ಹಾವಿನ ಔಷಧಿ ಜೊತೆಗೆ ಉಸಿರನ್ನೂ ಕೆಲವು ದಿನ ನಡೆಸಿಕೊಟ್ಟರೆ ಇಂಥವರು ಎದ್ದು ನಡೆದು ಮನೆಗೆ ಹೋಗುತ್ತಾರೆ. ಅವನೂ ಹೋದ. ನಡೆಸಿಕೊಡದಿದ್ದರೆ ಮಣ್ಣಿಗೆ. ನಡುವೆ ಇರುವುದು ಕಲಿತ ಒಂದು ಕೈ, ಅಷ್ಟೇ.

ಗೆಳೆಯರೇ, ಸರ್ಕಾರಿ ಆಸ್ಪತ್ರೆಯ ಐಸಿಯುನಲ್ಲಿ ಮಲಗಿರುವವರು ಯಾರು ಅಂತ ಒಮ್ಮೆ ನೋಡಿ ಬನ್ನಿ. ಹಾವು ಕಡಿದ ಕೂಲಿ. ಸಾಲಕ್ಕೆ ಹೆದರಿ ಹೊಲಕ್ಕೆ ಹೊಡೆಯುವ ಔಷಧಿ ಕುಡಿದ ರೈತ. ರಕ್ತ ಸೋರಿ ಬಿಳಿಚಿಕೊಂಡ ಬಾಣಂತಿ. ಕ್ರಿಮಿನಾಶಕ ಕುಡಿದವನ ಬಾಯಲ್ಲಿ, ಎದೆಯಲ್ಲಿ ನೀರು ತುಂಬಿಕೊಳ್ಳುತ್ತೆ. ಎದೆ ಒಣಗುವ ತನಕ ಅಟ್ರೋಪಿನ್ ಕೊಡುತ್ತಲೇ ಇರಬೇಕು. ಬದುಕಿದ ಅಂತ ವಾರ್ಡಿನವರು ನಿಟ್ಟುಸಿರು ಬಿಟ್ಟ ಮೇಲೂ, ಎರಡನೇ ಮೂರನೇ ದಿನ ಇದ್ದಕ್ಕಿದ್ದಂತೆ ಕತ್ತು ಸೋಲುತ್ತೆ, ಉಸಿರು ಕಟ್ಟುತ್ತೆ. ‘ದಿಂಬಿನಿಂದ ತಲೆ ಎತ್ತಪ್ಪ’ ಅಂತ ಕೇಳಿ ನೋಡುವುದೇ ಇಲ್ಲಿ ಪರೀಕ್ಷೆ. ಎತ್ತಲಾರದಿದ್ದರೆ ಟ್ಯೂಬ್ ತಯಾರಿರಬೇಕು. ತಲೆ ಎತ್ತಲಾರದವನನ್ನು ಕಂಡುಹಿಡಿಯುವ ವಿದ್ಯೆ ಇದು. ತಲೆ ಎತ್ತಬೇಡ ಅಂತ ಸಾವಿರಾರು ವರ್ಷ ಹೇಳಿಸಿಕೊಂಡವರಿಗೆ ಇದರ ಬೆಲೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಈ ವಿದ್ಯೆಯ ಚರಿತ್ರೆ ಚಿಕ್ಕದು. 1846ರ ಅಕ್ಟೋಬರ್ 16ರಂದು ಅಮೆರಿಕದ ಬಾಸ್ಟನ್ ನಗರದಲ್ಲಿ ಮಾರ್ಟನ್ ಎಂಬ ಹಲ್ಲಿನ ಡಾಕ್ಟರು ಈಥರ್ ಆವಿ ಕೊಟ್ಟು, ಜನರ ಎದುರು ನೋವಿಲ್ಲದ ಆಪರೇಷನ್ ತೋರಿಸಿದ. ಮರುವರ್ಷವೇ ಅದು ಕಲ್ಕತ್ತಕ್ಕೆ ಬಂತು. ಅದಕ್ಕೆ ಮುಂಚೆ ಆಪರೇಷನ್ ಅಂದರೆ ನಾಲ್ಕು ಜನ ಹಿಡಿದುಕೊಂಡು ಕುಯ್ಯುವುದು. 1880ರ ದಶಕದ ಕೊನೆಗೆ ಪಕ್ಕದ ಹೈದರಾಬಾದಿನಲ್ಲಿ ರೂಪಾಬಾಯಿ ಫರ್ದುಂಜಿ ಎಂಬ ಹೆಣ್ಣುಮಗಳು ಕ್ಲೋರೋಫಾರ್ಮ್ ಕೊಡುವುದನ್ನು ಕಲಿತು, ಜಗತ್ತಿನಲ್ಲೇ ಈ ಕೆಲಸ ಹಿಡಿದ ಮೊದಮೊದಲ ಡಾಕ್ಟರಮ್ಮಂದಿರಲ್ಲಿ ಒಬ್ಬರಾದರು.

ಆದರೆ ವಿದ್ಯಾರ್ಥಿಗಳಾದ ನೀವು ನೆನಪಿಡಬೇಕಾದ ವರ್ಷ 1952. ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಪೋಲಿಯೋ ಬಂತು. ಉಸಿರಿನ ಸ್ನಾಯು ಸೋತ ಮಕ್ಕಳು ಬ್ಲೆಗ್ಡಾಂ ಆಸ್ಪತ್ರೆಯಲ್ಲಿ ಸಾಲುಸಾಲಾಗಿ ಮಲಗಿದರು. ಅಲ್ಲಿದ್ದ ಉಸಿರಾಟದ ಯಂತ್ರಗಳು ಬೆರಳಲ್ಲಿ ಎಣಿಸುವಷ್ಟು. ಮೊದಲ ಮೂರು ವಾರಗಳಲ್ಲಿ ಹಾಗೆ ಉಸಿರು ಸೋತ 31 ಜನರಲ್ಲಿ 27 ಜನ ಸತ್ತರು. ಆಗ ಬ್ಯೋರ್ನ್ ಇಬ್ಸೆನ್ ಎಂಬ ಅರಿವಳಿಕೆ ಡಾಕ್ಟರನ್ನು ಕರೆಸಿದರು. ಅವನು ಒಬ್ಬ 12 ವರ್ಷದ ಹುಡುಗಿಯ ಗಂಟಲಲ್ಲಿ ತೂತು ಮಾಡಿಸಿ, ಟ್ಯೂಬ್ ಇಟ್ಟು, ರಬ್ಬರ್ ಚೀಲವನ್ನು ಕೈಯಿಂದ ಹಿಚುಕಿ ಅವಳಿಗೆ ಉಸಿರು ಕೊಟ್ಟ. ಹುಡುಗಿ ಉಳಿದಳು. ಸರಿ, ಉಳಿದ ಮಕ್ಕಳಿಗೆ ಯಂತ್ರ ಎಲ್ಲಿಂದ ತರುವುದು? ಯಂತ್ರವಿರಲಿಲ್ಲ, ವಿದ್ಯಾರ್ಥಿಗಳಿದ್ದರು. ಸುಮಾರು 1500 ಮಂದಿ ವಿದ್ಯಾರ್ಥಿಗಳು ಪಾಳಿಯ ಮೇಲೆ ಹಗಲೂ ರಾತ್ರಿ, ವಾರಗಟ್ಟಲೆ, ತಿಂಗಳುಗಟ್ಟಲೆ ಕೂತು ಚೀಲ ಹಿಚುಕಿದರು. ಸಾವು ಅರ್ಧಕ್ಕೂ ಕೆಳಗೆ ಇಳಿಯಿತು. ಮರುವರ್ಷ ಅದೇ ಇಬ್ಸೆನ್, ಇಂಥ ರೋಗಿಗಳಿಗೇ ಅಂತ ಒಂದು ಪ್ರತ್ಯೇಕ ವಾರ್ಡ್ ಮಾಡಿದ. ಇವತ್ತಿನ ಐಸಿಯುಗಳ ಹುಟ್ಟು ಅಲ್ಲಿ.

ಇದು ಯಾಕೆ ಮುಖ್ಯ? ಐಸಿಯು ಅಂದರೆ ಕೋಟಿ ರೂಪಾಯಿಯ ಯಂತ್ರ ಅಂತ ನಮಗೆ ನಂಬಿಸಿದ್ದಾರೆ. ಅದು ಶುರುವಾದದ್ದು ನಿಮ್ಮ ವಯಸ್ಸಿನ ಹುಡುಗ ಹುಡುಗಿಯರ ಬರಿಗೈಯಿಂದ. ಕೊರೋನಾ ಕಾಲದಲ್ಲಿ ನಾವು ಇದನ್ನೇ ತಲೆಕೆಳಗಾಗಿ ಕಂಡೆವು. ಎಷ್ಟೋ ಕಡೆ ವೆಂಟಿಲೇಟರ್ ಬಂತು, ನಡೆಸುವ ಕೈ ಇರಲಿಲ್ಲ. ಕೈ ಇದ್ದ ಕಡೆ ಗಾಳಿ ಇರಲಿಲ್ಲ. 2021ರ ಮೇ ತಿಂಗಳ ಮೊದಲ ವಾರ ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಆಮ್ಲಜನಕ ಸಾಲದೆ ಒಂದೇ ರಾತ್ರಿ ಬೆಳಗಾಗುವುದರಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನ ಹೋದರು. ಆ ರಾತ್ರಿಯನ್ನು ಮರೆತವರು ಓಟಿನ ಲೆಕ್ಕ ಮಾತ್ರ ನೆನಪಿಟ್ಟುಕೊಂಡವರು.

ಯಂತ್ರದ ಇನ್ನೊಂದು ಕತೆ ಕೇಳಿ. ಬೆರಳಿಗೆ ಸಿಕ್ಕಿಸುವ ಕ್ಲಿಪ್ಪು ಕೊರೋನಾ ದಿನಗಳಲ್ಲಿ ಮನೆಮನೆಗೂ ಬಂತಲ್ಲ, ಅದರ ಮೂಲ ಜಪಾನಿನ ಟಕುವೋ ಅಯೋಯಾಗಿ 1970ರ ದಶಕದಲ್ಲಿ ಮಾಡಿದ ಸಂಶೋಧನೆ. ಚರ್ಮದ ಮೂಲಕ ಬೆಳಕು ಹಾಯಿಸಿ ರಕ್ತದ ಆಮ್ಲಜನಕ ಅಳೆಯುವ ಉಪಾಯ ಅದು. ದೊಡ್ಡ ಉಪಕಾರವೇ. ಆದರೆ 2020ರಲ್ಲಿ ಅಮೆರಿಕದ ಡಾಕ್ಟರುಗಳು ಲೆಕ್ಕ ಹಾಕಿದಾಗ, ಬಿಳಿಯರಿಗೆ ಹೋಲಿಸಿದರೆ ಕರಿಯರಲ್ಲಿ ಆಮ್ಲಜನಕದ ಕೊರತೆಯನ್ನು ಈ ಕ್ಲಿಪ್ಪು ಸುಮಾರು ಮೂರು ಪಟ್ಟು ಹೆಚ್ಚು ಸಲ ಕಾಣದೆ ಬಿಟ್ಟಿತ್ತು. ಯಂತ್ರಕ್ಕೆ ದ್ವೇಷವಿಲ್ಲ. ಅದನ್ನು ಯಾರ ಚರ್ಮದ ಮೇಲೆ ಇಟ್ಟು ಪರೀಕ್ಷೆ ಮಾಡಿದರು ಅನ್ನುವುದೇ ಪ್ರಶ್ನೆ. ಪಕ್ಕದಲ್ಲಿ ನಿಂತು ತುಟಿಯ ಬಣ್ಣ, ಎದೆಯ ಏರಿಳಿತ ನೋಡುವ ಡಾಕ್ಟರು ಬೇಕು ಅನ್ನುವುದು ಇದಕ್ಕೇ.

ಈಗ ತರಬೇತಿಯ ವಿಷಯಕ್ಕೆ ಬರೋಣ. ಆ ಎರಡು ವಾರದಲ್ಲಿ ಏನು ಕಲಿಯಬಹುದು ಅಂತ ನನ್ನ ಗೆಳೆಯನಿಂದ ಬರೆಸಿಕೊಂಡಿದ್ದೇನೆ. ತಲೆ ಹಿಂದಕ್ಕೆ ಬಾಗಿಸಿ ದವಡೆ ಎತ್ತಿ ಉಸಿರಿನ ದಾರಿ ಬಿಡಿಸುವುದು. ಮುಖಕ್ಕೆ ಮಾಸ್ಕ್ ಬಿಗಿಯಾಗಿ ಒತ್ತಿ ಚೀಲ ಹಿಚುಕುವುದು. ಇದು ಟ್ಯೂಬ್ ಹಾಕುವುದಕ್ಕಿಂತ ಮೊದಲು ಬರಬೇಕಾದ ವಿದ್ಯೆ, ಎಷ್ಟೋ ಡಾಕ್ಟರಿಗೆ ಬರದ ವಿದ್ಯೆ. ಟ್ಯೂಬ್ ಹಾಕಿದರೆ ಅದು ಶ್ವಾಸನಾಳಕ್ಕೆ ಹೋಯಿತೋ ಅನ್ನನಾಳಕ್ಕೆ ಹೋಯಿತೋ ಅಂತ ಖಾತ್ರಿ ಮಾಡಿಕೊಳ್ಳುವುದು. ಹೊರಬರುವ ಇಂಗಾಲದ ಡೈಆಕ್ಸೈಡ್ ಅಳೆಯುವ ಯಂತ್ರ ಇಲ್ಲಿ ಸುಳ್ಳು ಹೇಳದ ಸಾಕ್ಷಿ. ತಪ್ಪಿದರೆ ಮೆದುಳಿಗೆ ಇರುವುದು ಕೆಲವೇ ನಿಮಿಷ. ಬೆನ್ನಿಗೆ ಇಂಜೆಕ್ಷನ್ ಕೊಟ್ಟ ಮೇಲೆ ಬಿಪಿ ಕುಸಿದರೆ ಏನು ಮಾಡಬೇಕು. ತುಂಬು ಬಸುರಿಯನ್ನು ಅಂಗಾತ ಮಲಗಿಸದೆ ಎಡಕ್ಕೆ ಯಾಕೆ ವಾಲಿಸಬೇಕು. ಆಪರೇಷನ್ನಿಗೆ 6 ಗಂಟೆ ಮುಂಚಿನಿಂದ ಊಟ ಬೇಡ, 2 ಗಂಟೆ ಮುಂಚಿನ ತನಕ ಬರೀ ನೀರು ಕುಡಿಯಬಹುದು ಅನ್ನುವ ಲೆಕ್ಕ. ಈ ಲೆಕ್ಕ ಗೊತ್ತಿಲ್ಲದ ವಾರ್ಡುಗಳಲ್ಲಿ ನಮ್ಮ ಮುದುಕಿಯರನ್ನು ಹಿಂದಿನ ರಾತ್ರಿಯಿಂದ ಮಾರನೇ ಮಧ್ಯಾಹ್ನದವರೆಗೂ ಒಂದು ಗುಟುಕು ನೀರಿಲ್ಲದೆ ಒಣಗಿಸುತ್ತಾರೆ.

ಮತ್ತೆ, ಮಾತಾಡುವುದು. ಎಚ್ಚರ ತಪ್ಪುವ ಮುಂಚೆ ಮನುಷ್ಯ ಕೇಳುವ ಕೊನೆಯ ದನಿ ಮತ್ತಿನ ಡಾಕ್ಟರದು. ಆ ದನಿ ಯಾವ ಭಾಷೆಯಲ್ಲಿರಬೇಕು? ಹೆಬ್ಬೆಟ್ಟು ಒತ್ತಿಸಿಕೊಳ್ಳುವ ಒಪ್ಪಿಗೆ ಪತ್ರದಲ್ಲಿ ಏನಿದೆ ಅಂತ ಯಾರು ಓದಿ ಹೇಳಬೇಕು? ‘ಏ ಮುದುಕಿ, ಬಾಯಿ ತೆಗಿ’ ಅನ್ನುವುದಕ್ಕೂ, ‘ಅಜ್ಜಿ, ಬಾಯಿ ಅಗಲಿಸಿ, ಹಲ್ಲು ಅಲ್ಲಾಡ್ತಾವಾ ನೋಡ್ತೀನಿ’ ಅನ್ನುವುದಕ್ಕೂ ಇರುವ ದೂರ ಪುಸ್ತಕದಲ್ಲಿ ಬರೆದಿಲ್ಲ. ನೀವು ಬರೆಯಬೇಕು.

ಮುಟ್ಟದೆ ಈ ವಿದ್ಯೆ ಇಲ್ಲ, ಗೆಳೆಯರೇ. ನಮ್ಮಪ್ಪನಿಗೆ ಹೋಟೆಲಿನಲ್ಲಿ ಮೇಲಿನಿಂದ ನೀರು ಸುರಿದ ಊರುಗಳಿವೆ. ಇಲ್ಲಿ ಎರಡೂ ಕೈಯಲ್ಲಿ ರೋಗಿಯ ದವಡೆ ಹಿಡಿದು, ಅವನ ಬಾಯೊಳಗೆ ಇಣುಕಿ, ಎಂಜಲು ತೆಗೆದು ಉಸಿರು ಕೊಡಬೇಕು. ಟೇಬಲ್ಲಿನ ಮೇಲೆ ಯಾವ ಜಾತಿಯ ಗಂಟಲೂ ಒಂದೇ ಥರ ಕಾಣುತ್ತೆ. ಆದರೆ ಆ ಟೇಬಲ್ಲಿನ ಸುತ್ತ ನಿಂತವರ ನಡುವೆ?

ಅಲ್ಲಿ ಜಾತಿ ಇದೆ. ಮುಚ್ಚಿಟ್ಟು ಪ್ರಯೋಜನವಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಪರಿಶಿಷ್ಟ ಜಾತಿ ಪಂಗಡದ ವಿದ್ಯಾರ್ಥಿಗಳ ಸ್ಥಿತಿ ನೋಡಲು 2006ರಲ್ಲಿ ನೇಮಿಸಿದ ಪ್ರೊಫೆಸರ್ ಸುಖದೇವ್ ಥೋರಟ್ ಸಮಿತಿ 2007ರಲ್ಲಿ ವರದಿ ಕೊಟ್ಟಿತು. ಪಾಠದಲ್ಲಿ ಕಡೆಗಣನೆ, ಹಾಸ್ಟೆಲಿನಲ್ಲಿ ಬೇರೆ ಬೇರೆ ಕೂಟ, ಕಿರುಕುಳ, ಎಲ್ಲಾ ಅದರಲ್ಲಿದೆ. 2019ರ ಮೇ ತಿಂಗಳಲ್ಲಿ ಮುಂಬೈಯಲ್ಲಿ ಪಿಜಿ ಓದುತ್ತಿದ್ದ ಆದಿವಾಸಿ ಸಮುದಾಯದ ಡಾ. ಪಾಯಲ್ ತಡ್ವಿ ಪ್ರಾಣ ಕಳೆದುಕೊಂಡರು. ಹಿರಿಯ ಸಹಪಾಠಿಗಳ ಜಾತಿ ಕಿರುಕುಳವೇ ಕಾರಣವೆಂದು ಅವರ ಮನೆಯವರು ದೂರು ಕೊಟ್ಟರು. ತರಬೇತಿಯ ಜಾಗದಲ್ಲಿ ಅವಮಾನಕ್ಕೆ ಕೂಗಾಟವೇ ಬೇಕಿಲ್ಲ. ಒಬ್ಬನಿಗೆ ದಿನಾ ಟ್ಯೂಬ್ ಹಾಕುವ ಅವಕಾಶ, ಇನ್ನೊಬ್ಬನಿಗೆ ದಿನಾ ಬ್ಲಡ್ ಬ್ಯಾಂಕಿಗೆ ಓಡುವ ಕೆಲಸ. ಆರು ತಿಂಗಳಾದ ಮೇಲೆ ‘ಇವನಿಗೆ ಕೈ ಪಳಗಿಲ್ಲ, ಕೋಟಾದೋನು’ ಅಂತ ಒಂದು ಮಾತು. ಕೈಗೆ ಲ್ಯಾರಿಂಗೋಸ್ಕೋಪ್ ಕೊಡದೆ ಕೈ ಪಳಗುವುದು ಹೇಗೆ ಸ್ವಾಮಿ? ಬಾವಿಗೆ ಇಳಿಯಲು ಬಿಡದೆ ಈಜು ಬರಲ್ಲ ಅಂತ ನಗುವುದು ಈ ದೇಶದ ಹಳೇ ಆಟ.

ಹಾಗಂತ ನಮ್ಮ ಹುಡುಗರನ್ನೂ ಒಂದು ಮಾತು ಕೇಳಲೇಬೇಕು. ನೀವು ಈ ಶಾಖೆಗೆ ಯಾಕೆ ಹೋಗುವುದಿಲ್ಲ? ಮೊದಲ ರ‍್ಯಾಂಕಿನವರು ರೇಡಿಯಾಲಜಿ, ಮೆಡಿಸಿನ್, ಚರ್ಮರೋಗ ಅಂತ ಓಡುತ್ತಾರೆ. ನೀವೂ ಅವರ ಹಿಂದೆ ಓಡುತ್ತೀರಿ. ಅರಿವಳಿಕೆಗೆ ಬೋರ್ಡ್ ಇಲ್ಲ, ಹೆಸರಿಲ್ಲ, ರೋಗಿ ಎದ್ದ ಮೇಲೆ ಸರ್ಜನ್ನರಿಗೆ ಕೈ ಮುಗಿಯುತ್ತಾನೆ, ನಿಮ್ಮನ್ನು ನೆನೆಯುವುದಿಲ್ಲ ಅನ್ನುತ್ತೀರಿ. ನಿಜ. ಮೂರು ವರ್ಷದ ಎಂಡಿ ಕೋರ್ಸಿನಲ್ಲಿ ರಾತ್ರಿಗಳೇ ಜಾಸ್ತಿ. ತೀವ್ರ ನಿಗಾದಲ್ಲೇ ಮುಂದೆ ಓದಬೇಕೆಂದರೆ ಇನ್ನೂ ಮೂರು ವರ್ಷ. ಆದರೆ ಹೆಸರಿಗಾಗಿ ಕೆಲಸ ಮಾಡಿದವರು ನಮ್ಮ ಕೇರಿಯಲ್ಲಿ ಯಾರಿದ್ದರು? ಊರಿನ ಕಸ ಎತ್ತಿದವಳ ಹೆಸರು ಯಾವ ಕಲ್ಲಿನಲ್ಲಿದೆ? ಅವ್ವನಿಗೆ ಹೆರಿಗೆ ಮಾಡಿಸಿದ ಸೂಲಗಿತ್ತಿಯ ಹೆಸರು ನಿಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಹೆಸರಿಲ್ಲದೆ ಜೀವ ಉಳಿಸಿದವರ ಮಕ್ಕಳು ನಾವು.

ಮೂರು ವರ್ಷದ ಸೀಟು ಸಿಗದವರಿಗೂ ದಾರಿ ಇದೆ. 2005ರಲ್ಲಿ ಶುರುವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದ ಅಡಿಯಲ್ಲಿ, ಸರ್ಕಾರಿ ಸೇವೆಯ ಎಂಬಿಬಿಎಸ್ ಡಾಕ್ಟರಿಗೇ 18 ವಾರ ತರಬೇತಿ ಕೊಟ್ಟು, ತುರ್ತು ಹೆರಿಗೆಗೆ ಅರಿವಳಿಕೆ ಕೊಡುವಂತೆ ತಯಾರು ಮಾಡುವ ಯೋಜನೆ ಬಂತು. ಒಳ್ಳೆಯ ಯೋಜನೆ. ಆದರೆ ಹೆರಿಗೆ ಡಾಕ್ಟರು ಒಂದು ಊರಲ್ಲಿ, ತರಬೇತಾದವರು ಇನ್ನೊಂದು ಊರಲ್ಲಿ, ರಕ್ತ ಮೂರನೇ ಊರಲ್ಲಿ ಇದ್ದರೆ ಯಾವ ಬಸುರಿ ಉಳಿಯುತ್ತಾಳೆ? ಇವು ಮೂರೂ ಒಂದೇ ಸೂರಿನ ಕೆಳಗೆ, ಒಂದೇ ರಾತ್ರಿ ಇರಬೇಕು.

ನಮ್ಮ ಒತ್ತಾಯಗಳು ಇವು.

ಒಂದು: ಹೌಸ್ ಸರ್ಜನ್ನರ 2 ವಾರ ನಿಜವಾದ ತರಬೇತಿಯಾಗಬೇಕು. ಎಷ್ಟು ಸಲ ಮಾಸ್ಕ್ ಹಿಡಿದರು, ಎಷ್ಟು ರಾತ್ರಿ ಐಸಿಯುನಲ್ಲಿ ನಿಂತರು ಅನ್ನುವುದು ಪುಸ್ತಕದಲ್ಲಿ ದಾಖಲಾಗಬೇಕು. ಬರೀ ಸೈನ್ ನಡೆಯಕೂಡದು.

ಎರಡು: ಯಾರ ಸರದಿಗೆ ಯಾವ ಕೆಲಸ ಅನ್ನುವ ಪಟ್ಟಿಯನ್ನು ವಿಭಾಗದ ಗೋಡೆಗೆ ಅಂಟಿಸಬೇಕು. ಕಲಿಕೆಯೂ ಸರದಿಯಂತೆ, ಓಡಾಟವೂ ಸರದಿಯಂತೆ.

ಮೂರು: ಆಪರೇಷನ್ ಥಿಯೇಟರ್ ಇರುವ ಪ್ರತಿ ತಾಲ್ಲೂಕು ಆಸ್ಪತ್ರೆಗೂ ಕಡೇಪಕ್ಷ ಇಬ್ಬರು ಅರಿವಳಿಕೆ ವೈದ್ಯರು ಬೇಕು. ಒಬ್ಬ ಮನುಷ್ಯ ಇಪ್ಪತ್ತನಾಲ್ಕು ಗಂಟೆ ಎಚ್ಚರ ಇರಲಾರ. ಹುದ್ದೆ ಖಾಲಿ ಇದ್ದರೆ ಎಷ್ಟು ದಿನದಿಂದ ಖಾಲಿ ಅಂತ ಆಸ್ಪತ್ರೆಯ ಬಾಗಿಲಲ್ಲೇ ಕನ್ನಡದಲ್ಲಿ ಬರೆದು ಹಾಕಬೇಕು.

ನಾಲ್ಕು: ಐಸಿಯುನಲ್ಲಿ ಕಫ, ರಕ್ತ, ಮಲ ಬಳಿಯುವ ಆಯಾಗಳು, ಪೌರಕಾರ್ಮಿಕರು ಗುತ್ತಿಗೆಯಲ್ಲಿ ಕೊಳೆಯುವುದು ನಿಲ್ಲಬೇಕು. ಕೈಗವಸು, ಹೆಪಟೈಟಿಸ್ ಲಸಿಕೆ, ಕಾಯಂ ಕೆಲಸ ಕೊಡಬೇಕು. ಅವರ ಕೈ ಶುದ್ಧವಿಲ್ಲದೆ ಯಾವ ರೋಗಿಯೂ ಉಳಿಯುವುದಿಲ್ಲ.

ಮೆಡಿಕಲ್ ಓದದ ಹಾಸ್ಟೆಲ್ ಗೆಳೆಯರಿಗೂ ಕೆಲಸವಿದೆ. 2024ರ ಫೆಬ್ರವರಿಯಲ್ಲಿ ನಮ್ಮ ರಾಜ್ಯ ಹಾವು ಕಡಿತವನ್ನು ಸರ್ಕಾರಕ್ಕೆ ವರದಿ ಮಾಡಲೇಬೇಕಾದ ಕಾಯಿಲೆಗಳ ಪಟ್ಟಿಗೆ ಸೇರಿಸಿತು. ನಿಮ್ಮೂರಲ್ಲಿ ಕಡಿತ ಆದರೆ ಕಟ್ಟಬೇಡಿ, ಕುಯ್ಯಬೇಡಿ, ಮಂತ್ರದವನ ಮನೆ ಬಾಗಿಲು ಕಾಯಬೇಡಿ. ಅಲುಗಾಡಿಸದೆ 108ಕ್ಕೆ ಹೇಳಿ ಆಸ್ಪತ್ರೆಗೆ ಒಯ್ಯಿರಿ. ಎದೆಬಡಿತ ನಿಂತವನ ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುವುದನ್ನು ಕಲಿಯಿರಿ. ಮೆಡಿಕಲ್ ಕಾಲೇಜಿನ ನಮ್ಮ ಗೆಳೆಯರು ಒಂದು ಭಾನುವಾರ ಹಾಸ್ಟೆಲಿಗೆ ಬಂದು ಕಲಿಸಲಿ. ದಿಂಬಿನ ಮೇಲೆ ಕಲಿತರೂ ಸಾಕು.

ಕೊನೆಗೆ ಒಂದು ಮಾತು. ಆ ಕೂಲಿಯಾಳು ಮನೆಗೆ ಹೋಗುವ ದಿನ ನನ್ನ ಗೆಳೆಯನನ್ನು ಕರೆದು ನಿಲ್ಲಿಸಿ, ಉಸಿರು ಎಳೆದುಕೊಂಡು, ಯಾರೂ ಕೇಳದೆ ತಾನೇ ಎಣಿಸತೊಡಗಿದನಂತೆ. ಒಂದು, ಎರಡು, ಮೂರು... ಮೂವತ್ತು ದಾಟಿದ. ಮೂವತ್ತೈದಕ್ಕೆ ನಿಂತು ನಕ್ಕು, ‘ಇಷ್ಟು ಸಾಕಾ ಡಾಕ್ಟ್ರೇ?’ ಅಂದನಂತೆ. ನನ್ನ ಗೆಳೆಯನ ಕೈಗೆ ಉತ್ತರ ಸಿಗಲಿಲ್ಲ, ಕಣ್ಣಿಗೆ ಸಿಕ್ಕಿತು.

ಅವನು ಈಗ ಅರಿವಳಿಕೆಗೇ ಸೇರಬೇಕು ಅಂತ ಓದುತ್ತಿದ್ದಾನೆ. ಓದು ಮುಗಿದ ಮೇಲೆ ಎಲ್ಲಿಗೆ ಹೋಗ್ತೀಯ ಅಂತ ಕೇಳಿದೆ. ನನ್ನ ಅಕ್ಕನನ್ನು ವಾಪಸು ಕಳಿಸಿದ ಆ ತಾಲ್ಲೂಕಿನ ಹೆಸರು ಹೇಳಿದ.

ಗೆಳೆಯರೇ, ಇನ್ನೂ ಎಷ್ಟೋ ಬಾಗಿಲುಗಳಲ್ಲಿ ನಡುರಾತ್ರಿ ಆ ಮಾತು ಕೇಳುತ್ತಿದೆ. ‘ಮತ್ತಿನ ಡಾಕ್ಟ್ರು ಇದ್ದಾರೆ, ಒಳಗೆ ಬನ್ನಿ ಅವ್ವ’ ಅನ್ನುವ ದನಿ ನಿಮ್ಮದಾಗಲಿ.